ತಿಂಗಳಿಗೆರಡು ರಾತ್ರಿ ಬಿಡುವು: ಇಂಗ್ಲೆಂಡಿನಲ್ಲಿ ಶಾರ್ಟ್ ಬ್ರೇಕ್ ಫಾಸ್ಟರಿಂಗ್ ಕೇಳುವುದು ಹೇಗೆ?

ಇಂಗ್ಲೆಂಡಿನಲ್ಲಿರುವ ಕನ್ನಡದ ಮನೆಗಳಿಂದ ಬರುವ ಪ್ರಶ್ನೆ ಹೆಚ್ಚೂಕಡಿಮೆ ಒಂದೇ. ಮಗುವಿಗೆ ಆಟಿಸಂ, ಇಲ್ಲವೇ ಸೆರೆಬ್ರಲ್ ಪಾಲ್ಸಿ, ಇಲ್ಲವೇ ಹತೋಟಿಗೆ ಬಾರದ ಫಿಟ್ಸ್. ಮನೆಯಲ್ಲಿ ಯಾರಿಗೂ ರಾತ್ರಿ ನಿದ್ದೆಯಿಲ್ಲ. ಊರಿಂದ ಬಂದ ಅಜ್ಜಿ ಆರು ತಿಂಗಳ ವೀಸಾ ಮುಗಿಸಿ ವಾಪಸ್ ಹೋಗಿದ್ದಾರೆ. ಶಾಲೆಯವರು "ಶಾರ್ಟ್ ಬ್ರೇಕ್ ಕೇಳಿ ನೋಡಿ" ಅಂದಿದ್ದಾರೆ. ವಿಚಾರಿಸೋಣ ಅಂತ ಹೊರಟರೆ ಅಲ್ಲಿ ಫಾಸ್ಟರ್ (ಬೇರೆ ಮನೆಯವರು ಮಗುವನ್ನು ಇಟ್ಟುಕೊಂಡು ನೋಡಿಕೊಳ್ಳುವುದು) ಅನ್ನುವ ಮಾತು, ಸೋಷಿಯಲ್ ವರ್ಕರ್ (ಮಕ್ಕಳ ಕ್ಷೇಮ ನೋಡುವ ಸ್ಥಳೀಯ ಆಡಳಿತದ ನೌಕರರು) ಅನ್ನುವ ಮಾತು. ಎದೆ ಧಸಕ್ಕೆನ್ನುತ್ತದೆ. "ಮಗೂನೇ ಕರ್ಕೊಂಡು ಹೋಗಿಬಿಟ್ರೆ?"

ಒಬ್ಬೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಎಲ್ಲವನ್ನೂ ಇಲ್ಲಿ ಬರೆದಿದ್ದೇನೆ. ಇದು ಇಂಗ್ಲೆಂಡಿಗೆ ಮಾತ್ರ ಹೊಂದುತ್ತದೆ. ವೇಲ್ಸ್, ಸ್ಕಾಟ್ಲೆಂಡ್, ಉತ್ತರ ಐರ್ಲೆಂಡಿನಲ್ಲಿ ಕಾನೂನು ಬೇರೆ.

ಶಾರ್ಟ್ ಬ್ರೇಕ್ ಅಂದರೇನು?

ಅಂಗವೈಕಲ್ಯವಿರುವ ಮಗುವನ್ನು ನೋಡಿಕೊಳ್ಳುವ ತಂದೆತಾಯಿಗೆ ಕೌನ್ಸಿಲ್, ಅಂದರೆ ಆ ಊರಿನ ಸ್ಥಳೀಯ ಆಡಳಿತ, ಏರ್ಪಾಡು ಮಾಡುವ ಬಿಡುವು. ಅದು ಶನಿವಾರದ ಆಟದ ಕ್ಲಬ್ ಆಗಿರಬಹುದು. ಸಂಜೆ ಮನೆಗೇ ಬಂದು ಮಗುವನ್ನು ನೋಡಿಕೊಳ್ಳುವವರು ಆಗಿರಬಹುದು. ರಾತ್ರಿ ಉಳಿಸಿಕೊಳ್ಳುವ ಸಣ್ಣ ವಸತಿ ಕೇಂದ್ರವೂ ಆಗಿರಬಹುದು. ಇವುಗಳಲ್ಲಿ ಒಂದು, ಫಾಸ್ಟರ್ ಕೇರರ್ ಮನೆ. ತರಬೇತಿ ಪಡೆದು, ಪೊಲೀಸ್ ದಾಖಲೆ ತಪಾಸಣೆ ಮುಗಿಸಿ, ಒಪ್ಪಿಗೆ ಪಡೆದ ಒಂದು ಕುಟುಂಬ ನಿಮ್ಮ ಮಗುವನ್ನು ತಿಂಗಳಿಗೆ ಒಂದೆರಡು ರಾತ್ರಿ ತಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತದೆ. ಪ್ರತಿ ಸಲವೂ ಅದೇ ಮನೆ, ಅದೇ ಜನ.

ನಮ್ಮ ಕಡೆ ಮಕ್ಕಳು ರಜೆ ಬಂದರೆ ಅಜ್ಜಿಮನೆಗೆ ಹೋಗುತ್ತಿರಲಿಲ್ವಾ? ಅಮ್ಮನಿಗೆ ಅದೇ ಬಿಡುವು, ಮಗುವಿಗೆ ಅದೇ ಹೊಸ ಮನೆ. ಅಜ್ಜಿಮನೆ ಎಂಟು ಸಾವಿರ ಕಿಲೋಮೀಟರ್ ದೂರ ಇರುವವರಿಗೆ ಇದು ಅದರ ಬದಲಿ ಅಂದುಕೊಳ್ಳಿ. ವಾಟ್ಸಾಪ್ ವಿಡಿಯೋದಲ್ಲಿ "ಯಾರದೋ ಮನೇಲಿ ಕೂಸನ್ನ ಬಿಟ್ಟು ಬರ್ತೀಯೇನೇ?" ಅಂತ ಕೇಳುವ ಅತ್ತೆಗೂ ಹೀಗೇ ಹೇಳಬಹುದು.

ಇದು ಕೌನ್ಸಿಲ್ ಮಾಡುವ ಉಪಕಾರವಲ್ಲ. 1989ರ ಚಿಲ್ಡ್ರನ್ ಆ್ಯಕ್ಟ್‌ನ 17ನೇ ಸೆಕ್ಷನ್ ಪ್ರಕಾರ ಅಂಗವೈಕಲ್ಯವಿರುವ ಪ್ರತಿ ಮಗುವೂ 'ಅಗತ್ಯದಲ್ಲಿರುವ ಮಗು'. ತಂದೆತಾಯಿಗೆ ಬಿಡುವು ಸಿಗುವಂಥ ಸೇವೆ ಕೊಡುವುದು ಕೌನ್ಸಿಲ್‌ನ ಕರ್ತವ್ಯ. ಯಾವ ಬಗೆಯ ಬಿಡುವು ಒದಗಿಸಬೇಕು ಅನ್ನುವುದನ್ನು 2011ರ ಏಪ್ರಿಲ್‌ನಲ್ಲಿ ಜಾರಿಗೆ ಬಂದ ನಿಯಮಗಳು ಹೇಳುತ್ತವೆ: ಹಗಲು, ರಾತ್ರಿ, ಸಂಜೆ, ವಾರಾಂತ್ಯ, ಶಾಲೆಯ ರಜೆ. ಆ ನಿಯಮದಲ್ಲಿ ಇನ್ನೊಂದು ಒಳ್ಳೆಯ ಮಾತಿದೆ. ಬಿಡುವು ಕೊಡಬೇಕಾದದ್ದು ತಂದೆತಾಯಿ ಕುಸಿದು ಬಿದ್ದ ಮೇಲಷ್ಟೇ ಅಲ್ಲ. ಬಿಡುವು ಸಿಕ್ಕರೆ ಮಗುವನ್ನು ಇನ್ನೂ ಚೆನ್ನಾಗಿ ನೋಡಿಕೊಳ್ಳಬಲ್ಲವರನ್ನೂ ಕೌನ್ಸಿಲ್ ಗಮನಕ್ಕೆ ತೆಗೆದುಕೊಳ್ಳಬೇಕು. ಈ ಮಾತನ್ನು ನೆನಪಿನಲ್ಲಿ ಇಟ್ಟುಕೊಂಡಿರಿ, ಮುಂದೆ ಬೇಕಾಗುತ್ತದೆ.

ಹಂತ 1: ನಿಮ್ಮ ಕೌನ್ಸಿಲ್‌ನ ನಿಯಮ ಓದಿ

ಪ್ರತಿ ಕೌನ್ಸಿಲ್ ತನ್ನಲ್ಲಿ ಯಾವ ಶಾರ್ಟ್ ಬ್ರೇಕ್ ಇದೆ, ಯಾರಿಗೆ ಸಿಗುತ್ತದೆ ಅನ್ನುವ ಹೇಳಿಕೆಯನ್ನು ವೆಬ್‌ಸೈಟಿನಲ್ಲಿ ಹಾಕಲೇಬೇಕು. ಅದರ ಹೆಸರು ಶಾರ್ಟ್ ಬ್ರೇಕ್ಸ್ ಸರ್ವಿಸಸ್ ಸ್ಟೇಟ್‌ಮೆಂಟ್. ಸಾಮಾನ್ಯವಾಗಿ ಲೋಕಲ್ ಆಫರ್ ಅನ್ನುವ ಪುಟದಲ್ಲಿ ಇರುತ್ತದೆ. ಲೋಕಲ್ ಆಫರ್ ಅಂದರೆ ವಿಶೇಷ ಅಗತ್ಯದ ಮಕ್ಕಳಿಗೆ ಆ ಊರಿನಲ್ಲಿ ಏನೇನು ಸಿಗುತ್ತದೆ ಅನ್ನುವ ಪಟ್ಟಿ.

ಬಹಳ ಕೌನ್ಸಿಲ್‌ಗಳು ಮೂರು ಮೆಟ್ಟಿಲು ಮಾಡಿರುತ್ತವೆ. ಎಲ್ಲ ಮಕ್ಕಳಿಗೂ ತೆರೆದಿರುವ ಚಟುವಟಿಕೆ ಮೊದಲನೆಯದು. ಒಂದು ಫಾರ್ಮ್ ತುಂಬಿದರೆ ಸಿಗುವ ಕ್ಲಬ್ ಎರಡನೆಯದು. ಸೋಷಿಯಲ್ ವರ್ಕರ್ ಅಸೆಸ್‌ಮೆಂಟ್ ಆದ ಮೇಲೆ ಮಾತ್ರ ಸಿಗುವುದು ಮೂರನೆಯದು. ಅಸೆಸ್‌ಮೆಂಟ್ ಅಂದರೆ ಮಗುವಿನ, ಮನೆಯ ಅಗತ್ಯ ಏನು ಅಂತ ನೋಡಿ ಬರೆಯುವ ವರದಿ. ರಾತ್ರಿ ಉಳಿಯುವ ಫಾಸ್ಟರ್ ಮನೆ ಮೂರನೇ ಮೆಟ್ಟಿಲಲ್ಲಿದೆ. ಅಸೆಸ್‌ಮೆಂಟ್ ನಡೆಯುವಾಗಲೇ ಮೊದಲೆರಡು ಮೆಟ್ಟಿಲಲ್ಲಿ ಸಿಗುವುದನ್ನು ತೆಗೆದುಕೊಳ್ಳಿ, ಸುಮ್ನೆ ಕಾಯುತ್ತಾ ಕೂರಬೇಡಿ.

ಹಂತ 2: ಎರಡು ವಾರ ಡೈರಿ ಬರೆಯಿರಿ

ಹೆಚ್ಚಿನವರು ಬಿಟ್ಟುಬಿಡುವ ಹಂತ ಇದು. ನನ್ನ ಮಟ್ಟಿಗೆ ಎಲ್ಲಕ್ಕಿಂತ ಮುಖ್ಯವಾದದ್ದೂ ಇದೇ.

ನಮ್ಮವರಿಗೆ ಒಂದು ಅಭ್ಯಾಸ ಇದೆ. ಹೊರಗಿನವರು ಬಂದು "ಹೇಗಿದೀರ?" ಅಂದರೆ "ಚೆನ್ನಾಗಿದೀವಿ, ಹೇಗೋ ನಡೀತಿದೆ" ಅನ್ನುತ್ತೇವೆ. ಮನೆ ಒಪ್ಪ ಮಾಡಿ, ಕಾಫಿ ಕೊಟ್ಟು ಕಳಿಸುತ್ತೇವೆ. ಸೋಷಿಯಲ್ ವರ್ಕರ್ ಕೂಡ "ಈ ಕುಟುಂಬ ಚೆನ್ನಾಗಿ ನಿಭಾಯಿಸುತ್ತಿದೆ" ಅಂತ ಬರೆದುಕೊಂಡು ಹೋಗುತ್ತಾರೆ. ಅವರದೇನೂ ತಪ್ಪಿಲ್ಲ, ನಾವು ಹೇಳಿದ್ದನ್ನೇ ಬರೆದಿದ್ದಾರೆ.

ಹಾಗಾಗಿ ಗಡಿಯಾರ ನೋಡಿ ಬರೆಯಿರಿ. ಹೀಗೆ: "ಮಂಗಳವಾರ. ರಾತ್ರಿ 1.40ಕ್ಕೆ ಎದ್ದ. 3.15ರವರೆಗೆ ಮನೆಯಿಡೀ ಓಡಾಡಿದ. ಅಪ್ಪ ಜೊತೆಯಲ್ಲಿದ್ದರು. 4ಕ್ಕೆ ಹಾಸಿಗೆ ಒದ್ದೆ, ಹೊದಿಕೆ ಬದಲಾಯಿಸಿದೆ. 5.30ಕ್ಕೆ ಮತ್ತೆ ಎದ್ದ. ಅಪ್ಪ 7ಕ್ಕೆ ಕೆಲಸಕ್ಕೆ ಹೋದರು." ಊಟ ಮಾಡಿಸಲು ಎಷ್ಟು ನಿಮಿಷ, ಸ್ನಾನಕ್ಕೆ ಎಷ್ಟು ಜನ ಬೇಕು, ಫಿಟ್ಸ್ ಎಷ್ಟು ಸಲ ಬಂತು, ಇನ್ನೊಂದು ಮಗುವಿನ ಶಾಲೆಯ ಕಾರ್ಯಕ್ರಮ ಯಾಕೆ ತಪ್ಪಿತು, ಎಲ್ಲವೂ ಬರಲಿ. ನಿಮ್ಮ ಆರೋಗ್ಯವೂ ಬರಲಿ. ಮಗು ಬೆಳೆದು 35 ಕಿಲೋ ಆಗಿದೆ, ಎತ್ತಿ ಎತ್ತಿ ನಿಮ್ಮ ಸೊಂಟ ಹೋಗಿದೆ ಅಂದರೆ ಅದು ದೂರು ಹೇಳಿದಂತಲ್ಲ. ಅಸೆಸ್‌ಮೆಂಟಿಗೆ ಬೇಕಾದ ಮಾಹಿತಿ ಅದು.

ಅಜ್ಜಿ ತಾತ ಬಂದು ಇರುವ ತಿಂಗಳಲ್ಲಿ ಅಸೆಸ್‌ಮೆಂಟ್ ನಡೆದರೆ ಎಚ್ಚರ. "ಮನೆಯಲ್ಲಿ ಹಿರಿಯರ ಸಹಾಯ ಇದೆ" ಅಂತ ದಾಖಲಾಗುತ್ತದೆ. ಅವರು ವಾಪಸ್ ಹೋಗುವ ತಾರೀಖು ಹೇಳಿ. ಅವರ ವಯಸ್ಸು, ಮಂಡಿನೋವು, ಮಗುವನ್ನು ಎತ್ತಲು ಆಗುವುದಿಲ್ಲ ಅನ್ನುವುದನ್ನೂ ಹೇಳಿ.

ಹಂತ 3: ಅಸೆಸ್‌ಮೆಂಟ್ ಬೇಕು ಅಂತ ಬರವಣಿಗೆಯಲ್ಲಿ ಕೇಳಿ

ಫೋನ್ ಮಾಡಿ ಕೇಳಬಹುದು. ಆದರೆ ಫೋನಿನಲ್ಲಿ ಆಡಿದ್ದಕ್ಕೆ ಸಾಕ್ಷಿ ಇರುವುದಿಲ್ಲ. ಕೌನ್ಸಿಲ್‌ನ ಮಕ್ಕಳ ವಿಭಾಗಕ್ಕೆ, ಅಲ್ಲಿ ಅಂಗವೈಕಲ್ಯವಿರುವ ಮಕ್ಕಳ ತಂಡ ಅಂತ ಬೇರೆ ಇದ್ದರೆ ಅದಕ್ಕೆ, ಈಮೇಲ್ ಕಳಿಸಿ. ನಾಲ್ಕು ವಿಷಯ ಇದ್ದರೆ ಸಾಕು:

ಮಗುವಿನ ವಯಸ್ಸು ಮತ್ತು ತೊಂದರೆ ಏನು.
ಚಿಲ್ಡ್ರನ್ ಆ್ಯಕ್ಟ್ 17ನೇ ಸೆಕ್ಷನ್ ಕೆಳಗೆ ಮಗುವಿನ ಅಸೆಸ್‌ಮೆಂಟ್ ಬೇಕು.
ಜೊತೆಗೆ ಪೇರೆಂಟ್ ಕೇರರ್ ನೀಡ್ಸ್ ಅಸೆಸ್‌ಮೆಂಟ್ ಕೂಡ ಬೇಕು.
ರಾತ್ರಿಯ ಶಾರ್ಟ್ ಬ್ರೇಕ್ ಬಗ್ಗೆ ಯೋಚಿಸಬೇಕೆಂದು ಕೋರುತ್ತೇವೆ.

ಮೂರನೆಯದು ತುಂಬಾ ಜನರಿಗೆ ಗೊತ್ತೇ ಇಲ್ಲ. ಅದು ತಂದೆತಾಯಿಯ ಆರೋಗ್ಯ, ಕೆಲಸ, ನಿದ್ದೆ ನೋಡುವ ಅಸೆಸ್‌ಮೆಂಟ್. 2014ರ ಚಿಲ್ಡ್ರನ್ ಆ್ಯಂಡ್ ಫ್ಯಾಮಿಲೀಸ್ ಆ್ಯಕ್ಟ್ ಬಂದ ಮೇಲೆ ಇದು ನಿಮ್ಮ ಹಕ್ಕು. ಮಗುವಿನದರ ಜೊತೆಯಲ್ಲೇ ಒಟ್ಟಿಗೆ ಮಾಡಬಹುದು.

ಅರ್ಜಿ ತಲುಪಿದ ಒಂದು ಕೆಲಸದ ದಿನದೊಳಗೆ ಮುಂದೇನು ಅಂತ ಅವರು ತೀರ್ಮಾನಿಸಬೇಕು. ಅಸೆಸ್‌ಮೆಂಟ್ ಶುರುವಾದರೆ 45 ಕೆಲಸದ ದಿನಗಳ ಒಳಗೆ ಮುಗಿಯಬೇಕು. ಸರ್ಕಾರದ ಮಾರ್ಗಸೂಚಿ ಹೇಳುವುದು ಇದನ್ನು. ಕೌನ್ಸಿಲ್ ತಡ ಮಾಡಿದರೆ ತಾರೀಖು ಹಾಕಿ ನೆನಪೋಲೆ ಕಳಿಸಿ.

ಇಲ್ಲಿ ಸಾಮಾನ್ಯವಾಗಿ ಕೇಳಿಬರುವ ಒಂದು ಉತ್ತರ: "ನಿಮ್ಮ ಮಗುವಿಗೆ ಆಟಿಸಂ ಮಾತ್ರ ಇದೆ, ಬುದ್ಧಿಮಾಂದ್ಯ ಇಲ್ಲ, ನಮ್ಮ ತಂಡಕ್ಕೆ ಬರುವುದಿಲ್ಲ." ಯಾವ ತಂಡ ಮಾಡುತ್ತದೆ ಅನ್ನುವುದು ಅವರ ಒಳಗಿನ ವಿಷಯ. ಕಾನೂನಿನಲ್ಲಿರುವ ಅಂಗವೈಕಲ್ಯದ ಅರ್ಥದೊಳಗೆ ಆಟಿಸಂ ಬರುತ್ತದೆ. "ಹಾಗಾದರೆ ಯಾವ ತಂಡ ಮಾಡುತ್ತದೆ, ದಯವಿಟ್ಟು ಬರೆದು ತಿಳಿಸಿ" ಅಂತ ಮರುಉತ್ತರ ಕಳಿಸಿ.

ಹಂತ 4: ಸೋಷಿಯಲ್ ವರ್ಕರ್ ಮನೆಗೆ ಬಂದಾಗ

ಮೊದಲು ಭಯದ ಮಾತು ಮುಗಿಸೋಣ. ಬಿಡುವು ಕೇಳಿದ್ದಕ್ಕೆ ಯಾರೂ ಮಗುವನ್ನು ಕರೆದುಕೊಂಡು ಹೋಗುವುದಿಲ್ಲ. ನೀವು ಒಪ್ಪದೆ ಮಗುವನ್ನು ದೀರ್ಘಕಾಲ ಬೇರೆಡೆ ಇರಿಸಬೇಕಾದರೆ ಕೌನ್ಸಿಲ್ ಕೋರ್ಟಿಗೆ ಹೋಗಬೇಕು, ಮಗುವಿಗೆ ಗಂಭೀರ ಹಾನಿ ಆಗುತ್ತಿದೆ ಅಥವಾ ಆಗಬಹುದು ಅಂತ ತೋರಿಸಬೇಕು. ಅದು ಬೇರೆ ದಾರಿ, ಬೇರೆ ಸೆಕ್ಷನ್. ಹಾಗಂತ ಸೋಷಿಯಲ್ ವರ್ಕರ್ ಕಣ್ಣು ಮುಚ್ಚಿಕೊಂಡು ಬರುತ್ತಾರೆ ಅಂತಲೂ ಅಲ್ಲ. ಮಗುವಿಗೆ ಪೆಟ್ಟಾಗುತ್ತಿರುವುದು ಕಂಡರೆ ಅವರು ಸುಮ್ಮನಿರಲಾರರು, ಇರಬಾರದು ಕೂಡ.

ಮುಚ್ಚಿಡುವ ವಿಷಯಗಳೇ ಆಮೇಲೆ ತೊಡಕಾಗುವುದು. ಉದಾಹರಣೆಗೆ ಮಗು ರಾತ್ರಿ ಎದ್ದು ಬೀದಿಗೆ ಓಡುತ್ತದೆ ಅಂತ ಕೋಣೆಗೆ ಹೊರಗಿನಿಂದ ಚಿಲಕ ಹಾಕುತ್ತಿದ್ದೀರಿ ಅನ್ನಿ. ಬೇರೆಯವರ ಬಾಯಿಂದ ಇದು ಗೊತ್ತಾದರೆ ಕೆಟ್ಟದಾಗಿ ಕಾಣುತ್ತದೆ. ನೀವೇ ಹೇಳಿ, "ಬೆಂಕಿ ಬಿದ್ದರೆ ಏನು ಗತಿ ಅಂತ ನಮಗೂ ಭಯ, ಬೇರೆ ಉಪಾಯ ಹೇಳಿಕೊಡಿ" ಅಂದರೆ, ಅದೇ ಸಂಗತಿ ಸಹಾಯ ಕೇಳಿದಂತೆ ಆಗುತ್ತದೆ. ಆಕ್ಯುಪೇಶನಲ್ ಥೆರಪಿಸ್ಟ್‌ರನ್ನು ಕಳಿಸಿ ಅಂತಲೂ ಕೇಳಬಹುದು. ಇವರು ಮನೆಯನ್ನು ಮಗುವಿಗೆ ತಕ್ಕಂತೆ ಹೇಗೆ ಬದಲಾಯಿಸಬೇಕು, ಎತ್ತಲು ಯಾವ ಸಲಕರಣೆ ಬೇಕು ಅಂತ ಹೇಳುವವರು.

ಅವರು ಮಗುವನ್ನು ನೋಡಲೇಬೇಕು, ಮಗುವಿಗೆ ಏನು ಇಷ್ಟ ಅಂತ ತಿಳಿಯಲೇಬೇಕು. ಮಾತು ಬಾರದ ಮಗುವಾದರೆ ಚಿತ್ರ, ಸನ್ನೆ, ನಡವಳಿಕೆ ನೋಡಿ ತಿಳಿಯುತ್ತಾರೆ. ಮಗು ಮಲಗಿರುವ ಹೊತ್ತಿಗೆ ಬರಹೇಳಬೇಡಿ. ಶಾಲೆಯಿಂದ ಬಂದು ರಂಪ ಮಾಡುವ ನಾಲ್ಕೂವರೆ ಗಂಟೆಗೇ ಬರಲಿ.

ಇಂಗ್ಲಿಷ್ ಕಷ್ಟವಾದರೆ ದುಭಾಷಿ ಬೇಕು ಅಂತ ಮೊದಲೇ ಹೇಳಿ. ದೊಡ್ಡ ಮಗಳನ್ನು ಕೂರಿಸಿಕೊಂಡು ಅನುವಾದ ಮಾಡಿಸಬೇಡಿ. ಅಪ್ಪ ಅಮ್ಮನ ಸಂಕಟವನ್ನು ಹನ್ನೊಂದು ವರ್ಷದ ಹುಡುಗಿ ಇಂಗ್ಲಿಷಿಗೆ ತಿರುಗಿಸುವುದು ಯಾರಿಗೂ ಒಳ್ಳೆಯದಲ್ಲ. ದುಭಾಷಿ ನಿಮ್ಮ ಕನ್ನಡ ಸಂಘದವರೇ ಆಗಿಬಿಟ್ಟರೆ ಅಂತ ಮುಜುಗರವಿದ್ದರೆ ಬೇರೆ ಊರಿನವರನ್ನು ಫೋನಿನಲ್ಲಿ ಕೊಡಿ ಅಂತ ಕೇಳಬಹುದು.

ಕಡೆಯಲ್ಲಿ ವರದಿಯ ಪ್ರತಿ ಕೇಳಿ ಪಡೆಯಿರಿ. ತಪ್ಪಿದ್ದರೆ ಪ್ಯಾನೆಲ್‌ಗೆ ಹೋಗುವ ಮುಂಚೆಯೇ ತಿದ್ದಿಸಿ.

ಹಂತ 5: ಪ್ಯಾನೆಲ್, ಮತ್ತು ಬೆಚ್ಚಿಬೀಳಿಸುವ ಒಂದು ಕಾಗದ

ಪ್ಯಾನೆಲ್ ಅಂದರೆ ಎಷ್ಟು ರಾತ್ರಿ, ಎಷ್ಟು ಗಂಟೆ ಕೊಡಬೇಕು ಅಂತ ತೀರ್ಮಾನಿಸುವ ಅಧಿಕಾರಿಗಳ ಗುಂಪು. ಬಹಳ ಕಡೆ ನಿಮ್ಮನ್ನು ಅಲ್ಲಿಗೆ ಕರೆಯುವುದಿಲ್ಲ. ನಿಮ್ಮ ಪರವಾಗಿ ಮಾತಾಡುವುದು ಆ ವರದಿ ಮಾತ್ರ. ಡೈರಿ ಯಾಕೆ ಬೇಕು ಅಂದೆನಲ್ಲ, ಇದಕ್ಕೇ.

ಒಪ್ಪಿಗೆಯಾದರೆ ಸಹಿಗೆ ಒಂದು ಕಾಗದ ಬರುತ್ತದೆ. ಅದರಲ್ಲಿ ಸೆಕ್ಷನ್ 17 ಅಂತಲೋ ಸೆಕ್ಷನ್ 20 ಅಂತಲೋ ಇರುತ್ತದೆ. 20 ಇದ್ದರೆ, ಮಗು ಆ ಮನೆಯಲ್ಲಿರುವಷ್ಟು ಹೊತ್ತು 'ಲುಕ್ಡ್ ಆಫ್ಟರ್ ಚೈಲ್ಡ್', ಅಂದರೆ ಕೌನ್ಸಿಲ್ ಹೊಣೆಯಲ್ಲಿರುವ ಮಗು. ಇದನ್ನು ಓದಿ ಸಹಿ ಹಾಕದೆ ವಾಪಸ್ ಬಂದವರನ್ನು ಕಂಡಿದ್ದೇನೆ.

ಬಿಡಿಸಿ ಹೇಳುತ್ತೇನೆ. ಸೆಕ್ಷನ್ 20 ಅಂದರೆ ತಂದೆತಾಯಿಯ ಒಪ್ಪಿಗೆಯ ಮೇಲೆ ಇರಿಸಿಕೊಳ್ಳುವುದು. ಕೋರ್ಟ್ ಇಲ್ಲ. ಪೇರೆಂಟಲ್ ರೆಸ್ಪಾನ್ಸಿಬಿಲಿಟಿ, ಅಂದರೆ ಮಗುವಿನ ಬಗ್ಗೆ ತೀರ್ಮಾನ ಮಾಡುವ ಹಕ್ಕು ಮತ್ತು ಹೊಣೆ, ಪೂರ್ತಿ ನಿಮ್ಮದೇ. ಯಾವಾಗ ಬೇಕಾದರೂ ಹೋಗಿ ಕರೆದುಕೊಂಡು ಬರಬಹುದು. ಮಗು ಮನೆಗೆ ಬಂದ ಕೂಡಲೇ ಆ ಹೆಸರೂ ಹೋಗುತ್ತದೆ. ನಿಜ ಹೇಳಬೇಕೆಂದರೆ ಇದರಿಂದ ಮಗುವಿಗೆ ಲಾಭವೇ ಜಾಸ್ತಿ. ಇಂಡಿಪೆಂಡೆಂಟ್ ರಿವ್ಯೂಯಿಂಗ್ ಆಫೀಸರ್ ಅಂತ ಒಬ್ಬರು ವ್ಯವಸ್ಥೆ ಸರಿಯಿದೆಯಾ ಅಂತ ನೋಡುತ್ತಾರೆ. ಮಗುವಿನ ಧರ್ಮ, ಭಾಷೆ, ಸಂಸ್ಕೃತಿಯನ್ನು ಗಮನದಲ್ಲಿಡಬೇಕು ಅಂತ ಕಾನೂನೇ ಹೇಳುತ್ತದೆ.

ಒಂದು ಲೆಕ್ಕ ನೆನಪಿಡಿ: 17 ಮತ್ತು 75. ಒಂದೇ ಮನೆಯಲ್ಲಿ ಒಂದು ಸಲಕ್ಕೆ 17 ದಿನ ಮೀರದೆ, 12 ತಿಂಗಳಲ್ಲಿ ಒಟ್ಟು 75 ದಿನ ಮೀರದೆ ಇದ್ದರೆ ನಿಯಮಗಳು ಹಗುರ. ದೊಡ್ಡ ಕೇರ್ ಪ್ಲ್ಯಾನ್ ಬದಲು ಚಿಕ್ಕ ಶಾರ್ಟ್ ಬ್ರೇಕ್ ಪ್ಲ್ಯಾನ್ ಸಾಕು. ತಿಂಗಳಿಗೆ ಎರಡು ರಾತ್ರಿ ಅಂದರೆ ವರ್ಷಕ್ಕೆ 24. ನೀವು 75ರ ಹತ್ತಿರವೂ ಹೋಗುವುದಿಲ್ಲ.

ಸಹಿಗೆ ಮುಂಚೆ ಮೂರು ಪ್ರಶ್ನೆ ಕೇಳಿ. ಇದು ಯಾವ ಸೆಕ್ಷನ್, ಯಾಕೆ? ನಮ್ಮಿಂದ ಹಣ ಕೇಳುತ್ತೀರಾ? ಬಳಸದೆ ಉಳಿದ ರಾತ್ರಿಗಳು ಮುಂದಕ್ಕೆ ಹೋಗುತ್ತವಾ? ಬೇಸಿಗೆಯಲ್ಲಿ ಆರು ವಾರ ಊರಿಗೆ ಹೋಗುವವರಿಗೆ ಮೂರನೆಯದು ಮುಖ್ಯ.

ಹಂತ 6: ಹೊಂದುವ ಮನೆ ಹುಡುಕುವುದು

ಇದನ್ನು ಮ್ಯಾಚಿಂಗ್ ಅನ್ನುತ್ತಾರೆ. ಇಲ್ಲಿ ಇಬ್ಬರು ಸೋಷಿಯಲ್ ವರ್ಕರ್ ಇರುತ್ತಾರೆ, ಗೊಂದಲ ಮಾಡಿಕೊಳ್ಳಬೇಡಿ. ಒಬ್ಬರು ನಿಮ್ಮ ಮಗುವಿನವರು. ಇನ್ನೊಬ್ಬರು ಫಾಸ್ಟರ್ ಕೇರರ್‌ಗೆ ಬೆಂಬಲ ಕೊಟ್ಟು, ಅವರ ಕೆಲಸದ ಮೇಲೆ ಕಣ್ಣಿಡುವವರು. ಇವರನ್ನು ಸೂಪರ್‌ವೈಸಿಂಗ್ ಸೋಷಿಯಲ್ ವರ್ಕರ್ ಅನ್ನುತ್ತಾರೆ. ಮಗುವಿನ ವಿಷಯ ಮೊದಲನೆಯವರಿಗೆ ಹೇಳಿ. ಕೇರರ್ ಮನೆಯಲ್ಲಿ ಏನೋ ಸರಿಯಿಲ್ಲ ಅನ್ನಿಸಿದರೆ ಇಬ್ಬರಿಗೂ ಹೇಳಿ.

ಕಾಯುವುದು ಇಲ್ಲೇ ಜಾಸ್ತಿ. ವೀಲ್‌ಚೇರ್ ಒಳಗೆ ಹೋಗುವ ಮನೆ, ಟ್ಯೂಬಿನಲ್ಲಿ ಊಟ ಕೊಡಲು ಕಲಿತ ಕೇರರ್ ಸುಲಭವಾಗಿ ಸಿಗುವುದಿಲ್ಲ. ಹೆಸರು ಪಟ್ಟಿಯಲ್ಲಿದೆ ಅಂತ ಸುಮ್ಮನಾಗಬೇಡಿ. ಮನೆ ಸಿಗುವವರೆಗೆ ಬದಲಿ ಏನು ಅಂತ ಕೇಳಿ. ಡೈರೆಕ್ಟ್ ಪೇಮೆಂಟ್ ಒಂದು ದಾರಿ. ಅಂದರೆ ಸೇವೆಯ ಬದಲು ಹಣ ಕೊಡುತ್ತಾರೆ, ನೀವೇ ಸಹಾಯಕರನ್ನು ನೇಮಿಸಿಕೊಳ್ಳಬೇಕು. ಇದನ್ನು ವಿಸಿಟರ್ ವೀಸಾದಲ್ಲಿ ಬಂದ ಅಜ್ಜಿಗೋ ಚಿಕ್ಕಮ್ಮನಿಗೋ ಕೊಡುವ ಹಾಗಿಲ್ಲ, ಆ ವೀಸಾದಲ್ಲಿ ಸಂಬಳಕ್ಕೆ ಕೆಲಸ ಮಾಡುವಂತಿಲ್ಲ. ಅದೇ ಮನೆಯಲ್ಲಿ ವಾಸವಿರುವ ಹತ್ತಿರದ ನೆಂಟರಿಗೂ ಸಾಮಾನ್ಯವಾಗಿ ಒಪ್ಪುವುದಿಲ್ಲ.

ಇದೆಲ್ಲ ಯಾಕೆ, ಗೊತ್ತಿರುವವರ ಮನೆಯಲ್ಲೇ ಒಂದೆರಡು ತಿಂಗಳು ಬಿಡೋಣ ಅನ್ನುವವರಿಗೆ ಒಂದು ಮಾತು. ಹತ್ತಿರದ ಸಂಬಂಧಿ ಅಲ್ಲದವರ ಮನೆಯಲ್ಲಿ ಮಗು 28 ದಿನ ಅಥವಾ ಹೆಚ್ಚು ಇದ್ದರೆ ಅದು ಪ್ರೈವೇಟ್ ಫಾಸ್ಟರಿಂಗ್, ಕೌನ್ಸಿಲ್‌ಗೆ ತಿಳಿಸಲೇಬೇಕು. ಉಳಿದ ಮಕ್ಕಳಿಗೆ ಇದು 16 ವರ್ಷದವರೆಗೆ, ಅಂಗವೈಕಲ್ಯವಿದ್ದರೆ 18ರವರೆಗೆ.

ಸಸ್ಯಾಹಾರದ ಪ್ರಶ್ನೆ ಎಲ್ಲರೂ ಕೇಳುತ್ತಾರೆ. ಸಸ್ಯಾಹಾರಿ ಮನೆಯೇ ಬೇಕು ಅಂತ ಪಟ್ಟು ಹಿಡಿದರೆ ವರ್ಷಗಟ್ಟಲೆ ಕಾಯಬೇಕಾದೀತು. ಮಗುವಿಗೆ ಮಾಂಸ, ಮೀನು, ಮೊಟ್ಟೆ ಕೊಡಬೇಡಿ ಅನ್ನುವುದನ್ನು ಪ್ಲ್ಯಾನಿನಲ್ಲಿ ಬರೆಸಿ. ಸಸ್ಯಾಹಾರ ಅಂದರೆ ಮೊಟ್ಟೆಯೂ ಇಲ್ಲ ಅಂತ ಇಲ್ಲಿನವರಿಗೆ ತಾನಾಗಿ ಹೊಳೆಯುವುದಿಲ್ಲ. ಕೇಕಿನಲ್ಲಿ ಮೊಟ್ಟೆ, ಜೆಲ್ಲಿ ಮಿಠಾಯಿಯಲ್ಲಿ ಜೆಲಟಿನ್, ಇದನ್ನೂ ಬಿಡಿಸಿ ಹೇಳಿ. ಮೊಸರನ್ನವನ್ನೋ ಅನ್ನ-ಸಾರನ್ನೋ ಡಬ್ಬಿಯಲ್ಲಿ ಹಾಕಿ ಕಳಿಸಬಹುದಾ ಅಂತ ಕೇಳಿ. ಬಹುಪಾಲು ಕೇರರ್‌ಗಳು ಸಂತೋಷವಾಗಿ ಒಪ್ಪುತ್ತಾರೆ, ಬಿಸಿ ಮಾಡಿ ಕೊಟ್ಟರಾಯಿತಲ್ಲ.

ಮನೆ ಸಿಕ್ಕಿತು ಅಂದ ಕೂಡಲೇ ರಾತ್ರಿ ಬಿಡುವುದಿಲ್ಲ. ಮೊದಲು ಕೇರರ್ ನಿಮ್ಮ ಮನೆಗೆ ಬರುತ್ತಾರೆ. ಆಮೇಲೆ ನೀವೂ ಮಗುವೂ ಅವರ ಮನೆಗೆ ಚಹಾಕ್ಕೆ. ಆಮೇಲೆ ನೀವಿಲ್ಲದೆ ಒಂದೆರಡು ಗಂಟೆ, ಒಂದು ಇಡೀ ಹಗಲು, ಆಮೇಲೆ ಒಂದು ರಾತ್ರಿ. ನೀವು ಎಷ್ಟೇ ದಣಿದಿದ್ದರೂ ಇದನ್ನು ಅವಸರ ಮಾಡಬೇಡಿ. ಆಟಿಸಂ ಇರುವ ಮಗುವಿಗೆ ಆ ಮನೆಯ, ಕೋಣೆಯ, ಹಾಸಿಗೆಯ, ನಾಯಿಯಿದ್ದರೆ ಅದರ ಫೋಟೋ ಮೊದಲೇ ತರಿಸಿ ದಿನಾ ತೋರಿಸಿ.

ಹಂತ 7: ಔಷಧಿ, ಸಲಕರಣೆ, ಮಗುವಿನ ಮಾತು

ಔಷಧಿಯನ್ನು ಫಾರ್ಮಸಿಯ ಲೇಬಲ್ ಇರುವ ಮೂಲ ಡಬ್ಬಿಯಲ್ಲೇ ಕಳಿಸಬೇಕು. ಲೇಬಲ್‌ನಲ್ಲಿ ಮಗುವಿನ ಹೆಸರು, ಪ್ರಮಾಣ ಇರಬೇಕು. ಮಾತ್ರೆಯ ಪಟ್ಟಿ ಕತ್ತರಿಸಿ ಕವರಿನಲ್ಲಿ ಹಾಕಿ ಕಳಿಸಿದರೆ ಕೇರರ್ ಕೊಡುವುದಿಲ್ಲ. ಊರಿಂದ ತಂದ ಸಿರಪ್, ಕಷಾಯದ ಪುಡಿ, ಆಯುರ್ವೇದದ ಲೇಹ್ಯವನ್ನೂ ಕೊಡುವುದಿಲ್ಲ. ಮಗು ಅವುಗಳಲ್ಲಿ ಯಾವುದನ್ನಾದರೂ ದಿನಾ ತೆಗೆದುಕೊಳ್ಳುತ್ತಿದ್ದರೆ ನಿಮ್ಮ ಜಿಪಿಗೆ, ಅಂದರೆ ಮನೆ ಹತ್ತಿರದ ಡಾಕ್ಟರಿಗೆ, ಈಗಲೇ ಹೇಳಿ. ಜ್ವರಕ್ಕೆ ಪ್ಯಾರಸಿಟಮಾಲ್ ಕೊಡಲೂ ನಿಮ್ಮ ಲಿಖಿತ ಒಪ್ಪಿಗೆ ಬೇಕು.

ಹೊಟ್ಟೆಯ ಟ್ಯೂಬಿನಲ್ಲಿ ಊಟ ಕೊಡುವುದು, ಫಿಟ್ಸ್ ನಿಲ್ಲದಾಗ ಕೆನ್ನೆ ಮತ್ತು ಒಸಡಿನ ಸಂದಿಗೆ ಮಿಡಜೋಲಮ್ ಅನ್ನುವ ಔಷಧಿ ಹಾಕುವುದು, ಇಂಥದ್ದನ್ನೆಲ್ಲ ನರ್ಸ್ ಬಂದು ಕೇರರ್‌ಗೆ ಕಲಿಸುತ್ತಾರೆ. ಅದೂ ನಿಮ್ಮ ಮಗುವಿಗೆ ಹೇಗೆ ಬೇಕೋ ಹಾಗೆ. ತರಬೇತಿ ಮುಗಿಯದೆ ರಾತ್ರಿ ಬಿಡುವಂತಿಲ್ಲ. ಇದಕ್ಕೇ ವಾರಗಟ್ಟಲೆ ಹಿಡಿಯುತ್ತದೆ, ಹಾಗಾಗಿ ಮ್ಯಾಚಿಂಗ್ ಆದ ದಿನವೇ ನರ್ಸ್ ತರಬೇತಿಗೆ ತಾರೀಖು ಕೇಳಿ. ಎತ್ತುವ ಹಾಯ್ಸ್ಟ್, ವಿಶೇಷ ಮಂಚ, ಎದೆಪಟ್ಟಿ ಇರುವ ಕುರ್ಚಿ ಆ ಮನೆಗೂ ಬೇಕಾದರೆ ಆಕ್ಯುಪೇಶನಲ್ ಥೆರಪಿಸ್ಟ್ ನೋಡಬೇಕು.

ಆಮೇಲೆ ಒಂದು ಪುಟದಲ್ಲಿ ಮಗುವಿನ ಪರಿಚಯ ಬರೆದುಕೊಡಿ. ಮಲಗುವ ಮುಂಚೆ ಏನು ಮಾಡುತ್ತದೆ, ಯಾವ ಶಬ್ದಕ್ಕೆ ಕಿವಿ ಮುಚ್ಚಿಕೊಳ್ಳುತ್ತದೆ, ಯಾವ ಬಟ್ಟಲಿದ್ದರೆ ಮಾತ್ರ ಉಣ್ಣುತ್ತದೆ. ಅದರ ಹಿಂದೆ ಮನೆಯ ಮಾತುಗಳ ಪಟ್ಟಿ ಇರಲಿ: ನೀರು, ಬೇಕು, ಬೇಡ, ಸಾಕು, ನೋವು, ಉಚ್ಚೆ, ಬಿಸಿ, ಅಮ್ಮ ಬರ್ತಾಳೆ. ಇಂಗ್ಲಿಷ್ ಅಕ್ಷರದಲ್ಲಿ ಉಚ್ಚಾರಣೆ, ಪಕ್ಕದಲ್ಲಿ ಅರ್ಥ. ಹೇಗೆ ಹೇಳುವುದು ಅಂತ ಫೋನಿನಲ್ಲಿ ಧ್ವನಿ ರೆಕಾರ್ಡ್ ಮಾಡಿ ಕೊಟ್ಟರೆ ಇನ್ನೂ ಒಳ್ಳೆಯದು. ಮಗು "ಬೇಡ ಬೇಡ" ಅಂದಾಗ ಕೇರರ್‌ಗೆ ಅದು ಸುಮ್ಮನೆ ಶಬ್ದ ಅನ್ನಿಸಬಾರದು. ಮಗುವಿನ ಸುರಕ್ಷತೆ ಆ ಎರಡಕ್ಷರದ ಮೇಲೆ ನಿಂತಿರಬಹುದು.

ಹಂತ 8: ಮೊದಲ ರಾತ್ರಿ, ಮತ್ತು ಆಮೇಲಿನ ಪರಿಶೀಲನೆ

ಬೇಗ ಬಿಟ್ಟು ಬೇಗ ಹೊರಡಿ. ಬಾಗಿಲಲ್ಲಿ ಅರ್ಧ ಗಂಟೆ ಅಳುತ್ತಾ ನಿಂತರೆ ಮಗುವಿಗೆ ಕಷ್ಟ. ಯಾವಾಗ ಫೋನ್ ಮಾಡುತ್ತೀರಿ ಅಂತ ಕೇರರ್ ಜೊತೆ ಮೊದಲೇ ಮಾತಾಡಿಕೊಳ್ಳಿ. ಕೆಲವು ಮಕ್ಕಳಿಗೆ ಅಮ್ಮನ ದನಿ ಕೇಳಿದರೆ ನೆಮ್ಮದಿ, ಕೆಲವಕ್ಕೆ ಅದರಿಂದಲೇ ರಂಪ ಶುರು. ಆ ರಾತ್ರಿ ನಿಮಗೆ ನಿದ್ದೆ ಬರದಿದ್ದರೂ ಗಾಬರಿ ಬೇಡ. ಹತ್ತು ವರ್ಷ ಪ್ರತಿ ಎರಡು ಗಂಟೆಗೆ ಎದ್ದ ಮೈ ಒಂದೇ ದಿನದಲ್ಲಿ ಮಲಗುವುದಿಲ್ಲ.

ವಾಪಸ್ ಬಂದ ಮೇಲೆ ಒಂದೆರಡು ದಿನ ಮಗು ಹಠ ಮಾಡಬಹುದು. ಆದರೆ ಹೊಸ ಗಾಯ, ಬಟ್ಟೆ ಬದಲಾಯಿಸಲು ಹೋದರೆ ಹೊಸದಾಗಿ ಹೆದರುವುದು, ಆ ಮನೆಯ ಹೆಸರು ಕೇಳಿದರೇ ನಡುಗುವುದು, ಇಂಥದ್ದು ಕಂಡರೆ "ಪಾಪ, ಒಳ್ಳೆಯ ಜನ" ಅಂತ ಸುಮ್ಮನಾಗಬೇಡಿ. ಅದೇ ದಿನ ಸೋಷಿಯಲ್ ವರ್ಕರ್‌ಗೆ ಹೇಳಿ. ಅವರ ಕಚೇರಿ ಮುಚ್ಚಿದ್ದರೆ ಕೌನ್ಸಿಲ್‌ನ ತುರ್ತು ಸಂಖ್ಯೆಗೆ.

ಸೆಕ್ಷನ್ 20 ಆಗಿದ್ದರೆ, ಮಗು ಕೇರರ್ ಮನೆಯಲ್ಲಿರುವ ದಿನವೇ ಸೋಷಿಯಲ್ ವರ್ಕರ್ ಹೋಗಿ ನೋಡಬೇಕು. ಮೊದಲ ಭೇಟಿ ಮೂರು ತಿಂಗಳೊಳಗೆ, ಆಮೇಲೆ ಆರು ತಿಂಗಳಿಗೊಮ್ಮೆಯಾದರೂ. ರಿವ್ಯೂ ಸಭೆಯೂ ಹಾಗೆಯೇ. ಆ ಸಭೆಗೆ ತಪ್ಪದೆ ಹೋಗಿ, ಡೈರಿ ಮತ್ತೆ ಎರಡು ವಾರ ಬರೆದುಕೊಂಡು ಹೋಗಿ. "ಈಗ ಎಲ್ಲ ಚೆನ್ನಾಗಿದೆ" ಅಂದರೆ ರಾತ್ರಿಗಳನ್ನು ಕಡಿಮೆ ಮಾಡುವ ಮಾತು ಬರಬಹುದು. "ಚೆನ್ನಾಗಿರುವುದು ಈ ಎರಡು ರಾತ್ರಿ ಸಿಗುತ್ತಿರುವುದರಿಂದ" ಅಂತ ಸೇರಿಸಿ ಹೇಳಿ.

ಇಲ್ಲ ಅಂದರೆ?

ಕಾರಣ ಬರೆದು ಕೊಡಿ ಅಂತ ಕೇಳಿ. "ನೀವು ನಿಭಾಯಿಸುತ್ತಿದ್ದೀರಿ" ಅನ್ನುವುದು ಕಾರಣವಾದರೆ, ಮೇಲೆ ನೆನಪಿನಲ್ಲಿ ಇಟ್ಟುಕೊಂಡಿರಿ ಅಂದ 2011ರ ನಿಯಮದ ಮಾತನ್ನು ತೋರಿಸಿ. ಮನೆಗೆ ಬಂದು ನೋಡಿಕೊಳ್ಳುವ ಸಹಾಯಕ್ಕೆ, ಹೊರಗಿನ ಚಟುವಟಿಕೆಗೆ 1970ರ ಇನ್ನೊಂದು ಕಾನೂನಿದೆ. ಅದರ ಕೆಳಗೆ ಇದು ಅಗತ್ಯ ಅಂತ ಕೌನ್ಸಿಲ್ ಒಮ್ಮೆ ಒಪ್ಪಿದರೆ ದುಡ್ಡಿಲ್ಲ ಅನ್ನುವ ನೆಪ ನಡೆಯುವುದಿಲ್ಲ.

ದೂರಿಗೆ ಮೂರು ಹಂತ. ಮೊದಲನೆಯದಕ್ಕೆ 10 ಕೆಲಸದ ದಿನ, ಕಷ್ಟದ ವಿಷಯವಾದರೆ 20. ಎರಡನೆಯದು ಸ್ವತಂತ್ರ ವ್ಯಕ್ತಿಯೂ ಇರುವ ತನಿಖೆ, 25 ದಿನ, ಹೆಚ್ಚೆಂದರೆ 65. ಮೂರನೆಯದು ರಿವ್ಯೂ ಪ್ಯಾನೆಲ್. ಅದಾದ ಮೇಲೂ ಸಮಾಧಾನವಾಗದಿದ್ದರೆ, ಕೌನ್ಸಿಲ್ ಮೇಲಿನ ದೂರು ನೋಡುವ ಸ್ವತಂತ್ರ ಸಂಸ್ಥೆಯಾದ ಲೋಕಲ್ ಗವರ್ನಮೆಂಟ್ ಆ್ಯಂಡ್ ಸೋಷಿಯಲ್ ಕೇರ್ ಒಂಬುಡ್ಸ್‌ಮನ್. ಪತ್ರ ಬರೆಯಲು ಕಾಂಟ್ಯಾಕ್ಟ್, ಸೆರೆಬ್ರಾ ಎಂಬ ಚಾರಿಟಿಗಳು ಉಚಿತವಾಗಿ ನೆರವಾಗುತ್ತವೆ.

ವೀಸಾಗೆ ತೊಂದರೆ ಆಗುತ್ತಾ?

ಸ್ಕಿಲ್ಡ್ ವರ್ಕರ್ ವೀಸಾದಲ್ಲಿ ಇರುವವರೆಲ್ಲ ಕೇಳುವ ಪ್ರಶ್ನೆ ಇದು. ನಿಮ್ಮ ವೀಸಾದಲ್ಲಿ ಪಬ್ಲಿಕ್ ಫಂಡ್ಸ್, ಅಂದರೆ ಪಟ್ಟಿ ಮಾಡಿದ ಕೆಲವು ಸರ್ಕಾರಿ ಭತ್ಯೆಗಳನ್ನು, ಪಡೆಯುವಂತಿಲ್ಲ ಅಂತ ಇರುತ್ತದೆ. ಡಿಸಬಿಲಿಟಿ ಲಿವಿಂಗ್ ಅಲೋಯನ್ಸ್, ಕೇರರ್ಸ್ ಅಲೋಯನ್ಸ್, ಚೈಲ್ಡ್ ಬೆನಿಫಿಟ್, ಯೂನಿವರ್ಸಲ್ ಕ್ರೆಡಿಟ್ ಆ ಪಟ್ಟಿಯಲ್ಲಿವೆ. ಅವಕ್ಕೆ ಅರ್ಜಿ ಹಾಕಬೇಡಿ. ಆದರೆ ಕೌನ್ಸಿಲ್‌ನ ಸೋಷಿಯಲ್ ಕೇರ್ ಆ ಪಟ್ಟಿಯಲ್ಲಿ ಇಲ್ಲ. ಅಸೆಸ್‌ಮೆಂಟ್ ಆಗಲಿ, ಶಾರ್ಟ್ ಬ್ರೇಕ್ ಆಗಲಿ ಪಬ್ಲಿಕ್ ಫಂಡ್ಸ್ ಅಲ್ಲ. ಕೌನ್ಸಿಲ್ ಫಾರ್ಮಿನಲ್ಲಿ "ಮಗುವಿಗೆ ಡಿಸಬಿಲಿಟಿ ಲಿವಿಂಗ್ ಅಲೋಯನ್ಸ್ ಬರುತ್ತಿದೆಯೇ?" ಅಂತ ಇದ್ದರೆ "ವೀಸಾ ನಿಯಮದಿಂದ ಅರ್ಜಿ ಹಾಕುವಂತಿಲ್ಲ" ಅಂತ ಬರೆಯಿರಿ. ಬರೀ "ಇಲ್ಲ" ಅಂದರೆ ಮಗುವಿನ ತೊಂದರೆ ಅಷ್ಟೇನಿಲ್ಲ ಅಂದುಕೊಳ್ಳುತ್ತಾರೆ.

18 ಹತ್ತಿರವಾದಾಗ

ಮಕ್ಕಳ ಸೇವೆ 18ಕ್ಕೆ ಮುಗಿದು ದೊಡ್ಡವರ ವಿಭಾಗ ಶುರುವಾಗುತ್ತದೆ. ಅಲ್ಲಿ 2014ರ ಕೇರ್ ಆ್ಯಕ್ಟ್ ನಡೆಯುತ್ತದೆ, ಹಳೆಯ ಪ್ಲ್ಯಾನ್ ತಾನಾಗಿ ಮುಂದುವರಿಯುವುದಿಲ್ಲ. 16 ತುಂಬುತ್ತಿದ್ದಂತೆಯೇ ಟ್ರಾನ್ಸಿಷನ್ ಅಸೆಸ್‌ಮೆಂಟ್ ಬೇಕು ಅಂತ ಬರೆದು ಕೇಳಿ. ದೊಡ್ಡವರಿಗೂ ಇಂಥದ್ದೇ ವ್ಯವಸ್ಥೆ ಇದೆ, ಅದರ ಹೆಸರು ಶೇರ್ಡ್ ಲೈವ್ಸ್. ಮಗು ಚಿಕ್ಕಂದಿನಿಂದ ಹೋಗಿ ಬರುತ್ತಿದ್ದ ಕೇರರ್ ಶೇರ್ಡ್ ಲೈವ್ಸ್‌ಗೂ ಒಪ್ಪಿಗೆ ಪಡೆದರೆ ಅದೇ ಮನೆಗೆ ಹೋಗುವುದನ್ನು ಮುಂದುವರಿಸಬಹುದು. ಅದಕ್ಕೆ ಹೊಸದಾಗಿ ಅರ್ಜಿ, ತಪಾಸಣೆ, ಪ್ಯಾನೆಲ್ ಎಲ್ಲ ಆಗಬೇಕು. ಆದ್ದರಿಂದ 17ನೇ ಹುಟ್ಟುಹಬ್ಬಕ್ಕೆ ಮುಂಚೆಯೇ ಕೇರರ್ ಹತ್ತಿರ ಈ ಮಾತು ತೆಗೆಯಿರಿ.